ಅಳುವ ಪಾತ್ರಕ್ಕೆ ಬಾರದ ಕಣ್ಣೀರು ಅಳದ ಪಾತ್ರಕ್ಕೆ ಬರುವುದೇಕೆ?

ಪ್ರಶ್ನೆ: ಮೈಸೂರಿನ ಪ್ರೇಕ್ಷಕ

ಸಿನಿಮಾ ನೋಡುತ್ತ ಕಣ್ಣೊರೆಸಿಕೊಳ್ಳುವುದು ನನಗೆ ಹೊಸದಲ್ಲ. ಅದನ್ನು ಪಕ್ಕದವರಿಂದ ಮುಚ್ಚಿಡಬೇಕೆನ್ನುವ ವಯಸ್ಸನ್ನೂ ದಾಟಿದ್ದೇನೆ. ಆದರೆ ಯಾವ ದೃಶ್ಯ ಅಳಿಸುತ್ತದೆ, ಯಾವುದು ಅಳಿಸುವುದಿಲ್ಲ ಎಂಬುದರಲ್ಲಿ ಏನೋ ಒಂದು ಕ್ರಮವಿದೆ ಎಂದು ಬಹಳ ದಿನಗಳಿಂದ ಅನ್ನಿಸುತ್ತಿದೆ. ಸಿನಿಮಾವನ್ನು ಕಸುಬಾಗಿ ಬಲ್ಲವರು, ಕಾವ್ಯಶಾಸ್ತ್ರ ಓದಿದವರು, ಮನಶ್ಶಾಸ್ತ್ರ ಬಲ್ಲವರು ಇಲ್ಲಿ ಇರುವುದರಿಂದ ಕೇಳುತ್ತಿದ್ದೇನೆ.

1971ರಲ್ಲಿ ತೆರೆಕಂಡ, ದೊರೆ–ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ವನ್ನು ತೆಗೆದುಕೊಳ್ಳಿ. ರಾಜ್‌ಕುಮಾರ್ ಅವರ ರವಿವರ್ಮ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಟ್ಟು ಗೊತ್ತೇ ಹೊರತು ಕೈಚಾಚಿ ಗೊತ್ತಿಲ್ಲದ ಮನುಷ್ಯ. ಚಿತ್ರದ ಕೊನೆಯ ಹೊತ್ತಿಗೆ ಸಿರಿವಂತಿಕೆಯೆಲ್ಲ ಕರಗಿ ಹೋಗಿದೆ, ಅವನು ಪ್ರೀತಿಯಿಂದ ಸಾಕಿದ ಪಾರಿವಾಳವೊಂದು ಉಳಿದಿದೆ. ಮನೆಗೆ ಬಂದ ನೀಲಾಳಿಗೆ ಊಟ ಬಡಿಸಲು ಗತಿಯಿಲ್ಲದೆ ಅದನ್ನೂ ಮಾರಬೇಕಾಗುತ್ತದೆ. ಆಮೇಲೆ ತಿಳಿಯುತ್ತದೆ, ಆಕೆ ಬಂದದ್ದೇ ತನ್ನ ಮಗುವಿಗಾಗಿ ಆ ಪಾರಿವಾಳವನ್ನು ಕೇಳಿ ಪಡೆಯುವುದಕ್ಕೆ ಎಂದು. ಈ ಕಥೆ ನನಗೆ ಬಾಯಿಪಾಠವಾಗಿದೆ. 2014ರಲ್ಲಿ ಬಣ್ಣ ತುಂಬಿ ಮರುಬಿಡುಗಡೆ ಮಾಡಿದಾಗಲೂ ಹೋಗಿ ನೋಡಿದೆ. ಮುಂದೇನಾಗುತ್ತದೆಂದು ಚೆನ್ನಾಗಿ ಗೊತ್ತಿದ್ದೂ, ನೀಲಾ ಬಾಯಿ ತೆರೆಯುವುದಕ್ಕೆ ಮೊದಲೇ ನನ್ನ ಗಂಟಲು ಕಟ್ಟಿರುತ್ತದೆ.

‘ಬೆಟ್ಟದ ಹೂವು’ ಕೂಡ ಹಾಗೆಯೇ. 1985ರ ಆ ಚಿತ್ರದಲ್ಲಿ ಪುನೀತ್ ಅವರ ರಾಮು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂದು ಕಾಡಿನಲ್ಲಿ ಅಲೆದು, ಹೂವು ಕಿತ್ತು ತಂದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಹುಡುಗ ಅದರ ಬಗ್ಗೆ ದೊಡ್ಡ ಮಾತೇನೂ ಆಡುವುದಿಲ್ಲ. ಆದರೂ ನನ್ನ ಕಣ್ಣು ಮಂಜಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಪರದೆಯ ಮೇಲೆ ಎಲ್ಲರೂ ಎದೆ ಬಡಿದುಕೊಂಡು ಅಳುವ, ಹಿಂದೆ ಪಿಟೀಲುಗಳ ಹಿಂಡೇ ಮೊರೆಯುವ ಅಣ್ಣ–ತಂಗಿ ಚಿತ್ರಗಳನ್ನು ನಾನು ಒಣಗಣ್ಣಿನಲ್ಲಿ ನೋಡಿ ಎದ್ದು ಬರುತ್ತೇನೆ. ನನ್ನ ಪತ್ನಿಯದು ಇದಕ್ಕೆ ತದ್ವಿರುದ್ಧ. 2002ರ ‘ತವರಿಗೆ ಬಾ ತಂಗಿ’ ಟೀವಿಯಲ್ಲಿ ಬಂದರೆ ಅವರಿಗೆ ಸೆರಗೇ ಸಾಲದು. ಕಸ್ತೂರಿ ನಿವಾಸದ ಪಾರಿವಾಳದ ಬಗ್ಗೆ ಮಾತ್ರ ‘ಆ ಮನುಷ್ಯ ಮೊದಲೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲ’ ಎನ್ನುತ್ತಾರೆ.

ಪಾತ್ರ ಅತ್ತರೆ ನಮಗೆ ಅಳು ಬರಬೇಕಲ್ಲವೇ? ಅದು ಅಳದಿದ್ದಾಗ ಹೆಚ್ಚು ಬರುವುದೇಕೆ? ಇನ್ನೂ ಒಂದು: ದುಡ್ಡು ಕೊಟ್ಟು ಒಳಗೆ ಹೋಗಿ ಅತ್ತು ಬರುವುದರಲ್ಲಿ ಇರುವ ಸುಖವಾದರೂ ಎಂಥದು?

ಉತ್ತರ: ಭಾಗೀರಥಿ, ಧಾರವಾಡ

ತಮ್ಮ ಪ್ರಶ್ನೆ ಚೆನ್ನಾಗಿದೆ ಸರ್, ಆದರೆ ಅದರೊಳಗೆ ಒಂದು ತೀರ್ಪು ಅಡಗಿದೆ. ಮೊದಲು ಅದಕ್ಕೆ ನನ್ನ ತಕರಾರು. ಅಳುಕಿಲ್ಲದೆ ಅಳುವ ಚಿತ್ರ ಕಡಿಮೆ ದರ್ಜೆಯದು, ಅಳು ನುಂಗುವ ಚಿತ್ರ ಮೇಲ್ದರ್ಜೆಯದು ಎಂದು ನೀವು ಬಾಯಿಬಿಟ್ಟು ಹೇಳಿಲ್ಲ, ಆದರೆ ಪಿಟೀಲುಗಳ ಹಿಂಡಿನ ಬಗ್ಗೆ ನೀವು ಬರೆದ ಧಾಟಿಯಲ್ಲಿ ಅದು ಕೇಳಿಸುತ್ತದೆ.

ಗಂಡುಮಕ್ಕಳಿಗೆ ಚಿಕ್ಕಂದಿನಿಂದ ‘ಹೆಣ್ಣಿನ ಹಾಗೆ ಅಳಬೇಡ’ ಎಂದು ಹೇಳಿ ಬೆಳೆಸುತ್ತಾರೆ. ಅಂಥವರಿಗೆ ಕೊನೆಯವರೆಗೂ ಕೈಚಾಚದ, ಕಣ್ಣೀರು ತೋರಿಸದ ರವಿವರ್ಮ ತಮ್ಮದೇ ಪಡಿಯಚ್ಚಾಗಿ ಕಾಣುವುದು ಸಹಜ. ಅವನು ಅಳದೆ ಉಳಿಸಿದ್ದನ್ನು ನೀವು ಅಳುತ್ತೀರಿ. ನಿಮ್ಮ ಮನೆಯವರ ಪಾಲಿಗೆ ಬಂದದ್ದು ಬೇರೆ ಕಟ್ಟಳೆ. ಹೆಣ್ಣುಮಗಳು ಅಳಬಹುದು, ಆದರೆ ಯಾವುದಕ್ಕಾಗಿ ಅಳುತ್ತಿದ್ದೇನೆಂದು ಹೇಳುವಂತಿಲ್ಲ. ಗಂಡನ ಮನೆಯಲ್ಲಿ ತವರಿನ ನೆನಪಾಗಿ ಕಣ್ಣೀರು ಬಂದರೆ ‘ಒಲೆಯ ಹೊಗೆ’ ಎಂದು ಹೇಳಿ ಮುಗಿಸಿದ ತಲೆಮಾರುಗಳಿವೆ. ಅಂಥವರ ಎದುರಿಗೆ ಪರದೆಯ ಮೇಲಿನ ತಂಗಿ, ತನ್ನ ದುಃಖದ ಹೆಸರು ಹಿಡಿದು, ಅಣ್ಣನ ಹೆಸರು ಕೂಗಿ ಅಳುತ್ತಾಳೆ. ಆ ಬಿಡುಗಡೆ ನಿಮಗೆ ಬೇಕಾಗಿಲ್ಲದಿರಬಹುದು, ಅವರಿಗೆ ಬೇಕಿತ್ತು.

ಟೂರಿಂಗ್ ಟಾಕೀಸಿನ ಕಾಲದವರಿಗೆ ನೆನಪಿರಬಹುದು, ಹೆಂಗಸರಿಗೆ ಬೇರೆಯೇ ಭಾಗ, ನಡುವೆ ಮೋಟು ಗೋಡೆ ಅಥವಾ ತಟ್ಟಿ ಇರುತ್ತಿತ್ತು. ಕತ್ತಲಲ್ಲಿ ಆ ಕಡೆಯಿಂದ ಮೂಗೆಳೆಯುವ ಸದ್ದು ಒಂದು ಕಡೆ ಶುರುವಾದರೆ ಸಾಲಿನಿಂದ ಸಾಲಿಗೆ ಹಬ್ಬುತ್ತಿತ್ತು. ಇಂಟರ್‌ವಲ್ಲಿಗೆ ದೀಪ ಹತ್ತಿದೊಡನೆ ಎಲ್ಲರೂ ಮಗುವಿನ ಅಂಗಿಯ ಗುಂಡಿ ಹಾಕುವುದರಲ್ಲೋ ಶೇಂಗಾ ಸುಲಿಯುವುದರಲ್ಲೋ ತೊಡಗಿಬಿಡುತ್ತಿದ್ದರು. ಮನೆಯಲ್ಲಿ ಒಬ್ಬೊಬ್ಬರೇ ಅಳುವುದಕ್ಕೂ ಅಲ್ಲಿ ಹತ್ತು ಜನರ ನಡುವೆ ಅಳುವುದಕ್ಕೂ ಇದ್ದ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆ ಚಿತ್ರಗಳನ್ನು ಅಳೆಯಲಾಗದು.

ಅಳದ ಹೆಣ್ಣು ನಮ್ಮ ಪರಂಪರೆಯಲ್ಲಿ ಇಲ್ಲವೆಂದಲ್ಲ. ‘ಕೆರೆಗೆ ಹಾರ’ದ ಭಾಗೀರಥಿ, ಅತ್ತೆ–ಮಾವ ತನ್ನನ್ನು ಕೆರೆಗೆ ಬಲಿ ಕೊಡುತ್ತಾರೆಂದು ತಿಳಿದು ತವರಿಗೆ ಹೋಗುತ್ತಾಳೆ. ಅಪ್ಪ ಕೇಳಿದರೆ ‘ಬೇರೆ ಇಡುತ್ತಾರಂತೆ’ ಎಂದು ಸುಳ್ಳು ಹೇಳುತ್ತಾಳೆ. ನಿಜ ಹೊರಬೀಳುವುದು ಗೆಳತಿಯ ಮುಂದೆ ಮಾತ್ರ. ಅಪ್ಪ ಹೊಲ ಕೊಡುತ್ತೇನೆ, ಮನೆ ಕೊಡುತ್ತೇನೆ ಎಂದು ಸಮಾಧಾನ ಮಾಡುವ ಆ ಸಾಲುಗಳನ್ನು ಹಾಡುವಾಗ, ಹಾಡುವವರಿಗೇ ದನಿ ಒಡೆಯುತ್ತದೆ. ಅದನ್ನೇ ಹಾಡಿಕೊಂಡು ಬಂದ ಹೆಂಗಸರೇ ತವರಿನ ಚಿತ್ರಗಳಿಗೂ ಅತ್ತವರು.

ಉತ್ತರ: ಕತ್ತರಿ ಕೆಲಸದವನು, ಬೆಂಗಳೂರು

ನಾನು ಸಂಕಲನದ ಕೋಣೆಯಲ್ಲಿ ಕುಳಿತು ಜೀವನ ಸಾಗಿಸುವವನು. ಭಾಗೀರಥಿಯವರ ಮಾತು ಪ್ರೇಕ್ಷಕರ ಕಡೆಯಿಂದ ಬಂತು, ನಾನು ಮೇಜಿನ ಕಡೆಯಿಂದ ಹೇಳುತ್ತೇನೆ.

ನಟರ ಕಣ್ಣೀರು ದುಬಾರಿಯೇನಲ್ಲ. ಗ್ಲಿಸರಿನ್ ಬಾಟಲಿ ಪ್ರಸಾಧನದವರ ಪೆಟ್ಟಿಗೆಯಲ್ಲಿ ಯಾವಾಗಲೂ ಇರುತ್ತದೆ. ದುಬಾರಿಯಾದದ್ದು ಪ್ರೇಕ್ಷಕನಿಗೆ ಮೊದಲೇ ಕೊಟ್ಟಿಡಬೇಕಾದ ತಿಳಿವಳಿಕೆ. ನೀವು ಹೆಸರಿಸಿದ ಪಾರಿವಾಳದ ದೃಶ್ಯವನ್ನೇ ನೋಡಿ. ಹಕ್ಕಿ ಮಾರಾಟವಾಗಿರುವುದು ನಮಗೂ ರವಿವರ್ಮನಿಗೂ ಗೊತ್ತು, ನೀಲಾಳಿಗೆ ಗೊತ್ತಿಲ್ಲ. ಅವಳು ಏಕೆ ಬಂದಿದ್ದಾಳೆಂಬುದು ಅವಳಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ತಲುಪುವ ಗಳಿಗೆಗೆ ಕಾಲ ಮೀರಿರುತ್ತದೆ. ಕಥೆಯ ಈ ಕಟ್ಟು ಬಹಳ ಹಳೆಯದು. 14ನೇ ಶತಮಾನದ ಇಟಲಿಯಲ್ಲಿ ಬೊಕಾಚ್ಚೊ ಬರೆದ ‘ಡೆಕಮೆರಾನ್’ನಲ್ಲಿ, ಬಡವಾದ ಶ್ರೀಮಂತನೊಬ್ಬ ತಾನು ಪ್ರೀತಿಸುವ ಹೆಣ್ಣು ಮನೆಗೆ ಬಂದಾಗ ತನ್ನ ಬೇಟೆಯ ಗಿಡುಗವನ್ನೇ ಕೊಂದು ಅಡುಗೆ ಮಾಡಿ ಬಡಿಸುತ್ತಾನೆ. ಆಕೆ ಬಂದದ್ದು ಕಾಯಿಲೆ ಬಿದ್ದ ಮಗನಿಗಾಗಿ ಆ ಗಿಡುಗವನ್ನು ಬೇಡಲು. ಅದೇ ಇಟಲಿಯ ವಿಮರ್ಶಕ ಫ್ರಾಂಕೊ ಮೊರೆಟ್ಟಿ, ಓದುಗನ ಕಣ್ಣೀರು ಬರುವುದು ದುಃಖದ ಪ್ರಮಾಣದಿಂದಲ್ಲ, ‘ತಡವಾಯಿತು’ ಎಂಬ ಅರಿವಿನಿಂದ ಎಂದು ವಾದಿಸಿದ್ದಾರೆ. ಮೇಜಿನ ಮೇಲೆ ನನಗೆ ಕಂಡದ್ದೂ ಅದೇ.

ನಿಮ್ಮ ಪತ್ನಿಯವರ ‘ಮೊದಲೇ ಒಂದು ಮಾತು ಕೇಳಿದ್ದರೆ’ ಎಂಬ ಟೀಕೆಯನ್ನು ತಳ್ಳಿಹಾಕಬೇಡಿ. ಆ ಒಂದು ಮಾತು ಸಾಧ್ಯವಿತ್ತು ಎಂಬುದೇ ದೃಶ್ಯದ ಜೀವ. ಭೂಕಂಪದಲ್ಲಿ ಮನೆ ಕುಸಿದರೆ ಬೆಚ್ಚುತ್ತೇವೆ, ಅಳುವುದಿಲ್ಲ. ತಪ್ಪಿಸಬಹುದಾಗಿದ್ದದ್ದು ಕೂದಲೆಳೆಯಲ್ಲಿ ತಪ್ಪಿದಾಗ ಅಳುತ್ತೇವೆ. 2005ರ ‘ಜೋಗಿ’ಯ ಕೊನೆಯಲ್ಲಿ, ಹೊತ್ತೊಯ್ಯುತ್ತಿರುವ ಶವ ತನ್ನ ತಾಯಿಯದೆಂದು ತಿಳಿಯದೆಯೇ ಮಗ ಅದರ ಮುಂದೆ ಕುಣಿಯುತ್ತಾನೆ. ಶಿವರಾಜ್‌ಕುಮಾರ್ ಅಲ್ಲಿ ಅಳುತ್ತಿಲ್ಲ, ಉತ್ಸಾಹದಿಂದ ಹೆಜ್ಜೆ ಹಾಕುತ್ತಿದ್ದಾರೆ. ಅಷ್ಟೂ ಹೊತ್ತು ತಾಯಿ ಮಗನನ್ನೂ ಮಗ ತಾಯಿಯನ್ನೂ ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳುವುದನ್ನು ನೋಡುತ್ತ ಬಂದ ಸಭಾಂಗಣ ಮಾತ್ರ ಅಲ್ಲಿ ತಡೆದುಕೊಳ್ಳಲಾಗದೆ ಹೋಗುತ್ತದೆ. ಆ ಚಿತ್ರ ಯಾವ ಲೆಕ್ಕದಲ್ಲೂ ‘ಅಳು ನುಂಗುವ’ ಚಿತ್ರವಲ್ಲ, ಅಬ್ಬರದ ಚಿತ್ರವೇ. ಆದ್ದರಿಂದ ಅಬ್ಬರ ಒಂದು ಕಡೆ, ಸಂಯಮ ಒಂದು ಕಡೆ ಎಂದು ಗೆರೆ ಎಳೆಯುವುದು ನನಗೆ ಸರಿಕಾಣುವುದಿಲ್ಲ. ತಿಳಿವಳಿಕೆಯನ್ನು ಯಾರ ಕೈಗೆ ಎಷ್ಟು ಹೊತ್ತಿಗೆ ಕೊಡುತ್ತೀರಿ ಎಂಬುದು ಮುಖ್ಯ.

ಇನ್ನು ಕಸುಬಿನ ಒಂದೆರಡು ಸಂಗತಿ. ಕೆಟ್ಟ ಸುದ್ದಿ ಹೇಳುವ ದೃಶ್ಯದಲ್ಲಿ ಹೇಳುವವರ ಮುಖಕ್ಕಿಂತ ಕೇಳುವವರ ಮುಖದ ಮೇಲೆ ಶಾಟನ್ನು ನಿಲ್ಲಿಸಬೇಕು. ಅದೂ ಮಾತು ಮುಗಿದ ಮೇಲೆ ಇನ್ನೂ ಸ್ವಲ್ಪ ಹೊತ್ತು. ಆ ಹೆಚ್ಚುವರಿ ಎರಡು ಸೆಕೆಂಡಿನಲ್ಲಿ ಮುಖ ಏನನ್ನೋ ತಡೆಹಿಡಿಯಲು ಯತ್ನಿಸುತ್ತದೆ, ಗಂಟಲ ಬಳಿ ಒಂದು ಸಣ್ಣ ಚಲನೆ ಕಾಣುತ್ತದೆ. ಮುಂದಿನ ಶಾಟಿಗೆ ಅವಸರದಿಂದ ಕತ್ತರಿಸಿದರೆ ಅದು ಹೋಯಿತು. ಹಿನ್ನೆಲೆ ಸಂಗೀತವೂ ಅಷ್ಟೆ. ರೀ–ರೆಕಾರ್ಡಿಂಗ್‌ನಲ್ಲಿ ಸುದ್ದಿ ಬರುವ ಮೊದಲೇ ಶಿವರಂಜನಿ ರಾಗವನ್ನು ಎಳೆಯತೊಡಗಿದರೆ ಪ್ರೇಕ್ಷಕ ಅಳುವುದಕ್ಕೆ ಮೊದಲೇ ಯಾರೋ ಅತ್ತು ಮುಗಿಸಿದಂತೆ. ಸುದ್ದಿಯ ಹೊತ್ತಿಗೆ ಸದ್ದೆಲ್ಲ ನಿಲ್ಲಿಸಿ, ಬೀದಿಯ ಸೈಕಲ್ ಗಂಟೆಯನ್ನೋ ಒಲೆಯ ಮೇಲಿನ ಪಾತ್ರೆಯನ್ನೋ ಮಾತ್ರ ಉಳಿಸಿ, ಸಂಗೀತವನ್ನು ಆಮೇಲೆ ತಂದರೆ ಅದು ಅನುಮತಿ ಕೊಟ್ಟಂತಾಗುತ್ತದೆ. ತಮ್ಮ ಪಿಟೀಲುಗಳ ದೂರು ಬಹುಪಾಲು ಈ ಹೊತ್ತುಗೊತ್ತಿನ ದೂರು.

ಕಣ್ಣೀರೇ ಬಾರದಂತೆ ಕಟ್ಟಿದ ದುಃಖದ ಚಿತ್ರಗಳೂ ಇವೆ. ತೇಜಸ್ವಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ತಬರನ ಕಥೆ’ಯಲ್ಲಿ, ಪಿಂಚಣಿ ಬಾರದೆ, ಮಧುಮೇಹದಿಂದ ಕೊಳೆಯುತ್ತಿರುವ ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ತಬರ ಕಟುಕನನ್ನು ಕೇಳುತ್ತಾನೆ. ಅಲ್ಲಿ ನಾನು ಅಳಲಿಲ್ಲ, ಅಳುವ ಅವಕಾಶವನ್ನು ನಿರ್ದೇಶಕರು ಬೇಕೆಂದೇ ಮುಚ್ಚಿದ್ದಾರೆ ಎಂದೇ ತೋರಿತು. ಅತ್ತುಬಿಟ್ಟರೆ ಕಚೇರಿಯ ಮೇಲಿನ ಸಿಟ್ಟು ಕಣ್ಣೀರಿನೊಂದಿಗೆ ಹರಿದು ಹೋಗುತ್ತದಲ್ಲ!

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ತೀರ್ಥಹಳ್ಳಿ

ದುಡ್ಡು ಕೊಟ್ಟು ಅಳುವುದರಲ್ಲಿ ಸುಖವೇನು ಎಂಬ ತಮ್ಮ ಕೊನೆಯ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು, ಅಂದರೆ ಕಾವ್ಯಶಾಸ್ತ್ರ ಬರೆದವರು, ಎದುರಿಗೆ ಇಟ್ಟುಕೊಂಡೇ ಚರ್ಚಿಸಿದ್ದಾರೆ. 14ನೇ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹೇಳುತ್ತಾನೆ: ಕರುಣ ಮೊದಲಾದ ರಸಗಳಲ್ಲಿಯೂ ಪರಮಸುಖವೇ ಹುಟ್ಟುತ್ತದೆ, ಅದಕ್ಕೆ ಸಹೃದಯರ ಅನುಭವವೇ ಪ್ರಮಾಣ, ಅದು ನಿಜವಾದ ದುಃಖವಾಗಿದ್ದರೆ ಯಾರೂ ಆ ಕಡೆ ಮುಖ ಹಾಕುತ್ತಿರಲಿಲ್ಲ, ರಾಮಾಯಣವನ್ನೂ ಓದುತ್ತಿರಲಿಲ್ಲ. ಹಾಗಾದರೆ ಕಣ್ಣೀರೇಕೆ ಎಂದು ಮರುಪ್ರಶ್ನೆ ಬರುತ್ತದೆ. ಅದಕ್ಕೆ ಅವನ ಉತ್ತರ ಚಿಕ್ಕದು: ಚಿತ್ತ ಕರಗುವುದರಿಂದ. ಎಲ್ಲರೂ ಇದನ್ನು ಒಪ್ಪಿದರೆಂದು ತಿಳಿಯಬೇಡಿ. ರಾಮಚಂದ್ರ–ಗುಣಚಂದ್ರರೆಂಬ ಜೈನ ವಿದ್ವಾಂಸರು ‘ನಾಟ್ಯದರ್ಪಣ’ದಲ್ಲಿ ರಸವೆಂಬುದು ಸುಖ–ದುಃಖ ಎರಡೂ ಹೌದು ಎಂದರು. ನನ್ನ ಮನಸ್ಸು ಇತ್ತೀಚೆಗೆ ಈ ಇಬ್ಬರ ಕಡೆಗೇ ವಾಲುತ್ತಿದೆ, ಆ ಮಾತು ಇರಲಿ.

ಭರತ ತನ್ನ ನಾಟ್ಯಶಾಸ್ತ್ರದಲ್ಲಿ ಎಂಟು ಸಾತ್ತ್ವಿಕ ಭಾವಗಳನ್ನು, ಅಂದರೆ ಮನಸ್ಸಿನೊಳಗಿನದು ಮೈಮೇಲೆ ತೋರುವ ಬಗೆಗಳನ್ನು, ಹೇಳುವಾಗ ಅಶ್ರುವನ್ನೂ ಸೇರಿಸಿದ್ದಾನೆ. ಆದರೆ ಅದು ನಟನ ಕೆಲಸ. ನಟನ ಕಣ್ಣೀರು ನೋಡುಗನಿಗೆ ದಾಟುವುದು ಹೇಗೆಂಬುದಕ್ಕೆ ಕಾಶ್ಮೀರದ ಆಲಂಕಾರಿಕರಾದ ಭಟ್ಟನಾಯಕನೂ ಅವನ ಬಳಿಕ ಅಭಿನವಗುಪ್ತನೂ ‘ಸಾಧಾರಣೀಕರಣ’ವೆಂಬ ತತ್ತ್ವವನ್ನು ಮುಂದಿಟ್ಟರು. ಪರದೆಯ ಮೇಲಿನ ದುಃಖ ಇಂಥವನದೇ ಎಂಬ ಗಂಟು ಸಡಿಲವಾಗಬೇಕು. ನನ್ನದೇ ಎಂಬಷ್ಟು ಹತ್ತಿರವೂ ಬರಬಾರದು, ಪರರದು ಎಂಬಷ್ಟು ದೂರವೂ ಇರಬಾರದು. ಪಾತ್ರ ತಾನೇ ಗೋಳಾಡಿ ಮುಗಿಸಿದರೆ ಆ ದುಃಖ ಅದರ ಸ್ವಂತ ಆಸ್ತಿಯಾಗಿ ಉಳಿಯುತ್ತದೆ. ಪಾತ್ರ ತಡೆದುಕೊಂಡರೆ ಆ ದುಃಖಕ್ಕೆ ಒಡೆಯರಿಲ್ಲದಂತಾಗಿ ನೋಡುಗ ಅದನ್ನು ಕೈಗೆತ್ತಿಕೊಳ್ಳುತ್ತಾನೆ. ತಮ್ಮ ಮೊದಲ ಪ್ರಶ್ನೆಗೆ ನನಗೆ ತೋರುವ ಉತ್ತರ ಇದು.

ಇದಕ್ಕೆ ರಾಘವಾಂಕನ ಹರಿಶ್ಚಂದ್ರನಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ‘ಸತ್ಯ ಹರಿಶ್ಚಂದ್ರ’ವನ್ನು ತೆರೆಗೆ ತಂದಾಗಲೂ ಜನ ಕಾದು ಕುಳಿತದ್ದು ಸ್ಮಶಾನದ ದೃಶ್ಯಕ್ಕೆ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಹೊತ್ತು ತಂದ ಚಂದ್ರಮತಿ ಗೋಳಿಡುತ್ತಾಳೆ. ಸುಡುಗಾಡು ಕಾಯುವ ಹರಿಶ್ಚಂದ್ರ, ಮಗನೆಂದು ತಿಳಿದ ಮೇಲೂ ಹೆಣ ಸುಡುವ ತೆರಿಗೆ ಕೊಡದೆ ಬಿಡಲಾರೆ ಎನ್ನುತ್ತಾನೆ. ಅತ್ತವಳು ಪಂಡರೀಬಾಯಿ, ಪ್ರೇಕ್ಷಕರ ಕಣ್ಣು ಇದ್ದದ್ದು ಅಳಲು ಹಕ್ಕಿಲ್ಲದೆ ನಿಂತ ರಾಜ್‌ಕುಮಾರ್ ಮೇಲೆ. ಭಾಗೀರಥಿಯವರ ಚಿತ್ರಗಳೂ ತಮ್ಮ ಚಿತ್ರಗಳೂ ಆ ಒಂದೇ ದೃಶ್ಯದಲ್ಲಿ ಅಕ್ಕಪಕ್ಕ ನಿಂತಿವೆ ಎನ್ನಬಹುದು.

ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕವನ್ನೂ ಹೇಳದೆ ಮುಗಿಸಲಾರೆ. ಲಕ್ಷ್ಮಣನು ರಾಮ–ಸೀತೆಯರಿಗೆ ಅವರದೇ ಬದುಕಿನ ಕಥೆಯನ್ನು ಚಿತ್ರಗಳ ಸಾಲಿನಲ್ಲಿ ತೋರಿಸುತ್ತಾನೆ. ಇವತ್ತಿನ ಲೆಕ್ಕದಲ್ಲಿ ಅವರು ತಮ್ಮದೇ ಸಿನಿಮಾ ನೋಡುತ್ತಿದ್ದಾರೆ. ವನವಾಸದ ಭಾಗ ಬಂದಾಗ ರಾಮನ ಕಣ್ಣು ತುಂಬುತ್ತದೆ, ಅಗಲಿಕೆಯ ಚಿತ್ರ ಕಂಡು ಸೀತೆ ನಡುಗುತ್ತಾಳೆ. ‘ಇದು ಚಿತ್ರ ಮಾತ್ರ’ ಎಂದು ರಾಮ ಅವಳಿಗೆ ಧೈರ್ಯ ಹೇಳುತ್ತಾನೆ. ಅದೇ ಅಂಕ ಮುಗಿಯುವುದರೊಳಗೆ ಊರಿನ ಅಪವಾದದ ಸುದ್ದಿ ಬಂದು ಅವನೇ ಅವಳನ್ನು ಕಾಡಿಗಟ್ಟಲು ತೀರ್ಮಾನಿಸುತ್ತಾನೆ. ಕತ್ತರಿ ಕೆಲಸದವರು ಹೇಳಿದ ‘ಯಾರಿಗೆ ಏನು ಗೊತ್ತು’ ಎಂಬ ಲೆಕ್ಕ ಅಲ್ಲಿ ಎಷ್ಟು ಪಕ್ಕಾ ಇದೆ, ನೋಡಿ.

ಉತ್ತರ: ಆಪ್ತಸಮಾಲೋಚಕಿ, ಶಿವಮೊಗ್ಗ

ಪ್ರಯೋಗಗಳಿಂದ ಗೊತ್ತಾಗಿರುವಷ್ಟನ್ನು ಸೇರಿಸುತ್ತೇನೆ. ಪ್ರಯೋಗಾಲಯದಲ್ಲಿ ಜನರಲ್ಲಿ ದುಃಖ ಹುಟ್ಟಿಸಲು ಸಿನಿಮಾ ತುಣುಕುಗಳನ್ನು ಬಳಸುವುದು ರೂಢಿ. ಅಮೆರಿಕದ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 500 ಜನರಿಗೆ ಹಲವು ತುಣುಕುಗಳನ್ನು ತೋರಿಸಿ, ಯಾವುದು ಯಾವ ಭಾವವನ್ನು ಖಚಿತವಾಗಿ ಹುಟ್ಟಿಸುತ್ತದೆಂದು ಆರಿಸಿದರು. ದುಃಖಕ್ಕೆ ಮೇಲುಗೈಯಾಗಿ ನಿಂತದ್ದು 1979ರ ‘ದ ಚಾಂಪ್’ ಚಿತ್ರದ, ಮೂರು ನಿಮಿಷಕ್ಕೂ ಕಡಿಮೆಯ ಒಂದು ತುಣುಕು. ಬಾಕ್ಸಿಂಗ್ ಪಂದ್ಯದ ನಂತರ ತಂದೆ ಸಾಯುತ್ತಾನೆ, ಚಿಕ್ಕ ಮಗ ಅವನನ್ನು ಎಬ್ಬಿಸಲು ನೋಡುತ್ತಾನೆ. ಪ್ರಶ್ನೆ ಕೇಳಿದವರು ಗಮನಿಸಬೇಕು, ಆ ಹುಡುಗ ಬಿಕ್ಕಿ ಬಿಕ್ಕಿ ಅಳುತ್ತಾನೆ. ಅಂದರೆ ಅಳುವ ಪಾತ್ರವೂ ಅಳಿಸಬಲ್ಲದು. ವಿಶೇಷವಾಗಿ ಅದು ಮಗುವಾಗಿದ್ದಾಗ, ಯಾಕೆಂದರೆ ಮಗುವಿನ ಅಳು ದೊಡ್ಡವರಿಗೆ ಸಹಾಯದ ಕರೆಯಾಗಿ ಕೇಳಿಸುತ್ತದೆ.

ಅತ್ತರೆ ಹಗುರವಾಗುತ್ತದೆ ಎಂಬ ನಂಬಿಕೆಯನ್ನೂ ಪರೀಕ್ಷಿಸಿದ್ದಾರೆ. ನೆದರ್ಲೆಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಆಡ್ ಫಿಂಗರ್‌ಹುಟ್ಸ್ ಅಳುವಿನ ಅಧ್ಯಯನವನ್ನೇ ಮುಖ್ಯ ಕೆಲಸವಾಗಿ ಮಾಡಿಕೊಂಡವರು. ಅವರ ತಂಡ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 60 ಜನರಿಗೆ ‘ಲೈಫ್ ಈಸ್ ಬ್ಯೂಟಿಫುಲ್’ ಅಥವಾ ‘ಹಾಚಿ’ ತೋರಿಸಿದರು. ಅತ್ತವರು 28 ಮಂದಿ. ಚಿತ್ರ ಮುಗಿದ ಕೂಡಲೇ ಅವರ ಮನಸ್ಸು ಹಗುರವಾಗಿರಲಿಲ್ಲ, ಮೊದಲಿಗಿಂತ ಕೆಳಗಿಳಿದಿತ್ತು. 20 ನಿಮಿಷದಲ್ಲಿ ಮೊದಲಿದ್ದಲ್ಲಿಗೆ ಬಂತು, 90 ನಿಮಿಷದ ಹೊತ್ತಿಗೆ ಚಿತ್ರ ನೋಡುವ ಮೊದಲಿಗಿಂತಲೂ ಮೇಲಕ್ಕೇರಿತು. ಅಳದವರ ಮನಸ್ಥಿತಿ ಹೆಚ್ಚು ಬದಲಾಗಲೇ ಇಲ್ಲ. ಸಣ್ಣ ಪ್ರಯೋಗವಾದ್ದರಿಂದ ಇದನ್ನೇ ನಿಯಮವೆನ್ನಲಾಗದು, ಆದರೂ ‘ಅತ್ತರೆ ಸಮಾಧಾನ’ ಎಂದು ಜನ ನೆನಪಿಟ್ಟುಕೊಳ್ಳುವುದು ಆ ನಂತರದ ಗಳಿಗೆಯನ್ನು ಎಂದು ಊಹಿಸಬಹುದು.

ಕಣ್ಣೀರು ಬರುವ ಹೊತ್ತಿನ ಬಗ್ಗೆ 1979ರಲ್ಲಿ ಎಫ್ರಾನ್ ಮತ್ತು ಸ್ಪ್ಯಾಂಗ್ಲರ್ ಎಂಬ ಮನಶ್ಶಾಸ್ತ್ರಜ್ಞರು ಒಂದು ವಾದ ಮಂಡಿಸಿದರು. ಬಿಗುವು ಏರುತ್ತಿರುವಾಗ ಅಲ್ಲ, ಅದು ಸಡಿಲುವ ಗಳಿಗೆಯಲ್ಲಿ ಕಣ್ಣೀರು ಬರುತ್ತದೆ ಎಂದು. ಜಾತ್ರೆಯಲ್ಲಿ ಕೈತಪ್ಪಿದ ಮಗು ಹುಡುಕಾಡುವಷ್ಟು ಹೊತ್ತೂ ಗಟ್ಟಿಯಾಗಿರುತ್ತದೆ, ಅಮ್ಮ ಕಂಡಾಗ ಅಳು ಒಡೆಯುತ್ತದೆ. ರಾಮು ಕಂಬಳಿ ತಂದಾಗ ತಮಗೆ ಬರುವ ಕಣ್ಣೀರು ಈ ಬಗೆಯದೆಂದು ನನಗೆ ತೋರುತ್ತದೆ. ಪುಸ್ತಕ ಸಿಗುತ್ತದೋ ಇಲ್ಲವೋ ಎಂದು ಅಷ್ಟು ಹೊತ್ತು ಹಿಡಿದುಕೊಂಡ ಬಿಗುವು ಅಲ್ಲಿ ಅನಿರೀಕ್ಷಿತವಾದ ಕಡೆಗೆ, ಅಂದರೆ ಹುಡುಗನ ಒಳ್ಳೆಯತನದ ಕಡೆಗೆ, ಸಡಿಲುತ್ತದೆ. ಅದನ್ನು ದುಃಖವೆಂದು ಕರೆಯಲೂ ನನಗೆ ಮನಸ್ಸಾಗದು.

ಉತ್ತರ: ಗಾಂಧಿನಗರದ ಮೊದಲ ಆಟ

ಎಲ್ಲರೂ ಚಿತ್ರದ ಒಳಗೇ ಕಾರಣ ಹುಡುಕುತ್ತಿದ್ದೀರಿ. 2022ರ ಮಾರ್ಚ್ 17ರಂದು ‘ಜೇಮ್ಸ್’ ಬಿಡುಗಡೆಯಾದ ದಿನ ಚಿತ್ರಮಂದಿರದಲ್ಲಿದ್ದವರನ್ನು ಕೇಳಿ. ಅದು ಹೊಡೆದಾಟದ ಚಿತ್ರ, ಅಳಿಸಲೆಂದು ಮಾಡಿದ್ದಲ್ಲ. ಆದರೆ ಪುನೀತ್ ತೀರಿಕೊಂಡು ಐದು ತಿಂಗಳೂ ತುಂಬಿರಲಿಲ್ಲ, ಅವರಿಗೆ ದನಿ ಕೊಟ್ಟವರು ಅಣ್ಣ ಶಿವರಾಜ್‌ಕುಮಾರ್. ನಾಯಕ ನಗುತ್ತ ನಡೆದು ಬರುವ ಶಾಟಿಗೆ ಶಿಳ್ಳೆ ಹೊಡೆಯುತ್ತಲೇ ಜನ ಅತ್ತರು. ಸಂಕಲನ, ಸಂಗೀತ, ಸಾಧಾರಣೀಕರಣ ಯಾವುದೂ ಇದಕ್ಕೆ ಸಾಲದು. ‘ಬೆಟ್ಟದ ಹೂವು’ ನೋಡಿ ಇವತ್ತು ಅಳುವವರಲ್ಲಿ ಎಷ್ಟು ಪಾಲು ರಾಮುವಿಗೆ, ಎಷ್ಟು ಪಾಲು ಅಪ್ಪುವಿಗೆ ಎಂದು ಬಿಡಿಸಿ ಹೇಳಬಲ್ಲವರು ಇದ್ದರೆ ಹೇಳಲಿ.

ಮರುಪ್ರಶ್ನೆ: ಮೈಸೂರಿನ ಪ್ರೇಕ್ಷಕ

ಎಲ್ಲರಿಗೂ ವಂದನೆಗಳು. ಭಾಗೀರಥಿಯವರ ಉತ್ತರವನ್ನು ಮನೆಯಲ್ಲಿ ಓದಿ ಹೇಳಿದೆ. ‘ಇದನ್ನು ನಾನು ಮೊದಲೇ ಹೇಳಿದ್ದರೆ ನೀವು ಕೇಳುತ್ತಿದ್ದಿರಾ’ ಎಂಬ ಪ್ರತಿಕ್ರಿಯೆ ಬಂದಿದೆ.

ಒಂದು ಸಂಗತಿ ಮಾತ್ರ ಇನ್ನೂ ಬಿಡಿಸಿಕೊಳ್ಳಲಾಗಿಲ್ಲ. 2022ರ ‘777 ಚಾರ್ಲಿ’ಯನ್ನು ನಾವಿಬ್ಬರೂ ಒಟ್ಟಿಗೆ ನೋಡಿದೆವು, ಇಬ್ಬರೂ ಅತ್ತೆವು, ಅದೂ ಅದೇ ದೃಶ್ಯಗಳಲ್ಲಿ. ನಮ್ಮಿಬ್ಬರ ಅಭಿರುಚಿ ಇಷ್ಟು ಬೇರೆಯಾಗಿದ್ದೂ ಒಂದು ನಾಯಿಯ ವಿಷಯದಲ್ಲಿ ಒಂದಾದದ್ದು ಹೇಗೆ? ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಆ ಚಿತ್ರ ನೋಡಿ ಎಲ್ಲರೆದುರು ಕಣ್ಣೀರು ಹಾಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರು ತಮ್ಮ ಸಾಕುನಾಯಿಯನ್ನು ಕಳೆದುಕೊಂಡಿದ್ದರು, ಅದು ಅರ್ಥವಾಗುತ್ತದೆ. ನಾವಿಬ್ಬರೂ ನಾಯಿ ಸಾಕಿದವರಲ್ಲ.

ಉತ್ತರ: ಕತ್ತರಿ ಕೆಲಸದವನು, ಬೆಂಗಳೂರು

ಅದಕ್ಕೆ ಉತ್ತರ ಈ ಚರ್ಚೆಯಲ್ಲೇ ಅರ್ಧ ಬಂದಿದೆ ಸರ್. ಚಾರ್ಲಿಗೆ ಕ್ಯಾನ್ಸರ್ ಇರುವುದು ರಕ್ಷಿತ್ ಶೆಟ್ಟಿಯವರ ಧರ್ಮನಿಗೆ ಗೊತ್ತು, ನಮಗೆ ಗೊತ್ತು, ಚಾರ್ಲಿಗೆ ಗೊತ್ತಿಲ್ಲ. ಎಂದಿಗೂ ಗೊತ್ತಾಗುವುದೂ ಇಲ್ಲ. ಜೋಗಿಗೆ ಕೊನೆಯಲ್ಲಾದರೂ ಸತ್ಯ ತಿಳಿಯುತ್ತದೆ. ಇಲ್ಲಿ ಆ ಅಂತರ ಮುಚ್ಚುವುದೇ ಇಲ್ಲ. ನಾಯಿ ಹಿಮ ಕಂಡು ಕುಣಿದಷ್ಟೂ ಅದು ಅಗಲವಾಗುತ್ತದೆ. ತಮಗೆ ಬೇಕಾದ ‘ಅಳದ ಪಾತ್ರ’ ಅಲ್ಲಿ ಚಾರ್ಲಿ, ತಮ್ಮ ಮನೆಯವರಿಗೆ ಬೇಕಾದ ‘ಹೆಸರು ಹಿಡಿದು ಅಳುವ ಪಾತ್ರ’ ಧರ್ಮ. ಮೇಷ್ಟ್ರು ಹೇಳಿದ ಸ್ಮಶಾನದ ದೃಶ್ಯದಲ್ಲಿದ್ದಂತೆ ಎರಡೂ ಒಂದೇ ಚೌಕಟ್ಟಿನಲ್ಲಿವೆ.

ಇನ್ನರ್ಧ ಮುಖದ ವಿಷಯ. ರಷ್ಯಾದ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ, ನಟ ಮೊಝೂಖಿನ್‌ನ ಭಾವವಿಲ್ಲದ ಒಂದೇ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮೊದಲಾದವುಗಳ ಪಕ್ಕದಲ್ಲಿ ಬೇರೆ ಬೇರೆಯಾಗಿ ಜೋಡಿಸಿದಾಗ, ನೋಡುಗರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರೆಂಬುದು ಸಂಕಲನದವರಿಗೆಲ್ಲ ಮೊದಲ ಪಾಠ. ಮನುಷ್ಯ ನಟನಿಗೆ ಹೀಗೆ ಏನನ್ನೂ ಮಾಡದೆ ಇರುವುದು ಬಹಳ ಕಷ್ಟ, ಒಳ್ಳೆಯವರು ವರ್ಷಗಟ್ಟಲೆ ಕಲಿಯುತ್ತಾರೆ. ನಾಯಿಗೆ ಅದು ಹುಟ್ಟಿನಿಂದ ಬಂದದ್ದು. ಧರ್ಮನನ್ನು ನೋಡುತ್ತಿದೆ ಎಂದು ನಾವಂದುಕೊಳ್ಳುವ ಎಷ್ಟೋ ಶಾಟುಗಳಲ್ಲಿ ಇಂಥ ಪ್ರಾಣಿಗಳ ಕಣ್ಣು ಇರುವುದು ಕ್ಯಾಮೆರಾದ ಪಕ್ಕದಲ್ಲಿ ನಿಂತ ತರಬೇತುದಾರರ ಕೈಯ ತಿಂಡಿಯ ಮೇಲೆ. ನಿಮ್ಮಿಬ್ಬರ ಅಭಿರುಚಿಗೂ ತಕ್ಕ ಅರ್ಥ ಅದರ ಮುಖದಲ್ಲಿ ಕಂಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ನಂಬಿಕೆ ಬಾರದಿದ್ದರೆ ಮುಂದಿನ ಸಲ ಆ ದೃಶ್ಯವನ್ನು ಸದ್ದು ಪೂರ್ತಿ ಆರಿಸಿ, ನಾಯಿಯ ಕಣ್ಣುಗಳನ್ನಷ್ಟೇ ಗಮನಿಸುತ್ತ ನೋಡಿ. ಅದು ಧರ್ಮನನ್ನು ನೋಡುತ್ತಿದೆಯೋ ಬೇರೆ ಯಾರನ್ನೋ ಎಂದು ಇಲ್ಲಿ ಬಂದು ಬರೆಯಿರಿ.